‘ಅಂತೆ’ ಕಂಡಲ್ಲೆಲ್ಲ ಉಪಮೆ ಇರುವುದಿಲ್ಲ

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಇಂಗ್ಲಿಷ್ ಮಾಧ್ಯಮ, ಪ್ರಥಮ ಭಾಷೆ ಕನ್ನಡ. ಗಣಿತ, ವಿಜ್ಞಾನದಲ್ಲಿ ಚುರುಕು. ಅಲಂಕಾರ ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಲಕ್ಷಣಗಳೆಲ್ಲ ಬಾಯಿಪಾಠ ಇವೆ. ಟ್ಯೂಷನ್ನಿನಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ: ‘ಅಂತೆ, ಹಾಗೆ’ ಇದ್ದರೆ ಉಪಮೆ, ‘ಏ’ ಇದ್ದರೆ ರೂಪಕ, ‘ಏನೋ, ಎಂಬಂತೆ’ ಇದ್ದರೆ ಉತ್ಪ್ರೇಕ್ಷೆ, ಎರಡು ವಾಕ್ಯ ಇದ್ದರೆ ದೃಷ್ಟಾಂತ. ಅವಳು ಅದನ್ನೇ ನಂಬಿಕೊಂಡಿದ್ದಾಳೆ. ಮೊನ್ನೆ ಕಿರುಪರೀಕ್ಷೆಯಲ್ಲಿ ಸ್ವಂತ ಉದಾಹರಣೆ ಕೇಳಿದ್ದರು. ಉಪಮೆಗೆ ‘ಅವಳು ಅಮ್ಮನಂತೆ ಎತ್ತರವಾಗಿದ್ದಾಳೆ’ ಎಂದು ಬರೆದಳು. ಉತ್ಪ್ರೇಕ್ಷೆಗೆ ‘ಅವನು ಬೆಟ್ಟದಷ್ಟು ಅನ್ನ ತಿಂದನು’ ಎಂದು ಬರೆದಳು. ಎರಡಕ್ಕೂ ಸೊನ್ನೆ. ಯಾಕೆ ಅಂತ ನನಗೂ ತಿಳಿಯಲಿಲ್ಲ. ‘ಅಟ್ಟ ಮೇಲೆ ಒಲೆ ಉರಿಯಿತು’ ಅಂದರೆ ಅಟ್ಟಕ್ಕೆ ಬೆಂಕಿ ಬಿದ್ದಿದೆ ಅಂದುಕೊಂಡಿದ್ದಳು. ಪದ್ಯ ಓದಿದರೆ ‘ಇದರಲ್ಲಿ ಬೇರೆ ಏನೋ ಅರ್ಥ ಇರುತ್ತೆ, ನನಗೆ ಕಾಣಲ್ಲ’ ಅನ್ನುತ್ತಾಳೆ. ಜಾಸ್ತಿ ಕೇಳಿದರೆ ‘ಅಮ್ಮ, ತಲೆ ತಿನ್ಬೇಡ’ ಅಂತ ಎದ್ದು ಹೋಗುತ್ತಾಳೆ. ನೆಂಟರೊಬ್ಬರು ‘ಇವಳಿಗೆ ಕಲ್ಪನಾಶಕ್ತಿ ಕಡಿಮೆ, ಎಲ್ಲಾದರೂ ತೋರಿಸಿ’ ಅಂದರು. ನಿಜವಾ? ಆ ಪಟ್ಟಿ ತಪ್ಪಾ? ಮನೆಯಲ್ಲಿ ನಾನು ಏನು ಮಾಡಬಹುದು? ಇಂಗ್ಲಿಷಿನ ಸಿಮಿಲಿ, ಮೆಟಫರ್ ಅಂದರೆ ಇವೇ ತಾನೇ?

(ಒಬ್ಬ ತಾಯಿ, ತುಮಕೂರು)

ಉತ್ತರ: ನಿಮ್ಮ ಪತ್ರದಲ್ಲಿ ಅಂಕದ ಚಿಂತೆಯೂ ಇದೆ, ಮಗಳಲ್ಲೇ ಏನೋ ಕೊರತೆ ಇದೆಯಾ ಅನ್ನುವ ಭಯವೂ ಇದೆ. ಭಯವನ್ನು ಮೊದಲು ಕಳೆಯೋಣ.

‘ತಲೆ ತಿನ್ಬೇಡ’ ಅನ್ನುವ ಹುಡುಗಿಗೆ ಅಲಂಕಾರಿಕ ಮಾತು ಬರುವುದಿಲ್ಲ ಅಂತ ಹೇಳಲು ಆಗುವುದಿಲ್ಲ. ತಲೆಯನ್ನು ಯಾರೂ ತಿನ್ನುತ್ತಿಲ್ಲ ಅಂತ ಅವಳಿಗೆ ಗೊತ್ತು, ನಿಮಗೂ ಗೊತ್ತು. ‘ಮುಖ ಸಪ್ಪಗಾಗುತ್ತದೆ’ ಅಂತ ನೀವೇ ಬರೆದಿದ್ದೀರಿ. ಸಪ್ಪೆ ಅನ್ನುವುದು ಉಪ್ಪಿಲ್ಲದ ಸಾರಿನ ರುಚಿ. ಅದನ್ನು ಮುಖಕ್ಕೆ ತಂದಿರಿ, ಓದಿದ ನನಗೆ ಒಂದು ಕ್ಷಣವೂ ಗೊಂದಲವಾಗಲಿಲ್ಲ. ಹೊಟ್ಟೆ ಉರಿಯುವುದು, ಕೈ ಕೊಡುವುದು, ಕಣ್ಣಿಗೆ ಮಣ್ಣೆರಚುವುದು, ಮೂಗು ತೂರಿಸುವುದು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು: ಕನ್ನಡದಲ್ಲಿ ಅರ್ಧ ಗಂಟೆ ಹರಟೆ ಹೊಡೆದರೆ ಇಂಥವು ಹತ್ತಾರು ಬಂದುಹೋಗುತ್ತವೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’. ಅದರ ದೊಡ್ಡ ಭಾಗ ಅಲಂಕಾರಗಳ ಬಗ್ಗೆಯೇ ಇದೆ. ಅದೇ ಗ್ರಂಥ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಕರೆಯುತ್ತದೆ. ಕೂತು ಓದದಿದ್ದರೂ ಕಾವ್ಯದ ಮಾತಿನಲ್ಲಿ ಪಳಗಿದವರು ಅಂತ. ನಿಮ್ಮ ಮಗಳೂ ಆ ಸಾಲಿನವಳೇ.

ನೆಂಟರ ಮಾತಿನ ಬಗ್ಗೆ ಇನ್ನೊಂದು ವಿಷಯ. ಕೆಲವು ಮಕ್ಕಳು ದಿನನಿತ್ಯದ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳುತ್ತಾರೆ. ತಮಾಷೆ, ಚುಚ್ಚುಮಾತು ಅವರಿಗೆ ತಿಳಿಯುವುದಿಲ್ಲ. ‘ಸ್ವಲ್ಪ ಕಣ್ಣು ಹಾಯಿಸು’ ಅಂದರೆ ಗಲಿಬಿಲಿಯಾಗುತ್ತಾರೆ. ಗೆಳೆಯರ ಜೊತೆ ಹೊಂದಿಕೊಳ್ಳುವುದೂ ಕಷ್ಟವಾಗುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ, ಭಾಷಾ ಬೆಳವಣಿಗೆಯ ತೊಂದರೆ ಇರುವ ಕೆಲವರಲ್ಲಿ ಇದನ್ನು ಕಾಣಬಹುದು. ಅಂಥ ಲಕ್ಷಣ ಚಿಕ್ಕಂದಿನಿಂದಲೂ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಭಾಷಾ ಪರೀಕ್ಷೆ ಮಾಡಿಸಬಹುದು. ಅದರಲ್ಲಿ ಹೆದರುವಂಥದ್ದೂ ಇಲ್ಲ, ನಾಚಿಕೆ ಪಡುವಂಥದ್ದೂ ಇಲ್ಲ. ಆದರೆ ನೀವು ಬರೆದಿರುವುದರಲ್ಲಿ ನನಗೆ ಅಂಥದ್ದೇನೂ ಕಾಣುತ್ತಿಲ್ಲ. ಮಾತಿನಲ್ಲಿ ಸಲೀಸಾಗಿ ಬಳಸುವುದನ್ನು ಪುಸ್ತಕದಲ್ಲಿ ಗುರುತಿಸಲಾಗದೆ ಒದ್ದಾಡುವುದು ತರಗತಿಯಲ್ಲಿ ನಾನು ದಿನವೂ ನೋಡುವ ವಿಷಯ. ಅದಕ್ಕೆ ಕಾರಣಗಳು ಬೇರೆ.

‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಅನ್ನುವುದನ್ನೇ ತೆಗೆದುಕೊಳ್ಳಿ. ಇಲ್ಲಿ ‘ಅಟ್ಟ ಮೇಲೆ’ ಅಂದರೆ ಅಡುಗೆ ಮಾಡಿದ ಮೇಲೆ. ಅಡು, ಅಟ್ಟು, ಅಟ್ಟ. ಈಗಿನ ಮನೆಗಳಲ್ಲಿ ಆ ಕ್ರಿಯಾಪದ ಉಳಿದಿಲ್ಲ, ಅಡುಗೆ ಅನ್ನುವ ಹೆಸರು ಮಾತ್ರ ಉಳಿದಿದೆ. ಹಾಗಾಗಿ ಅವಳು ತನಗೆ ಗೊತ್ತಿರುವ ಅಟ್ಟವನ್ನು ಅಲ್ಲಿ ಕೂರಿಸಿಕೊಂಡಳು. ತಪ್ಪು ಅರ್ಥವಾದರೂ ಯೋಚಿಸಿಯೇ ಮಾಡಿದ್ದಾಳೆ. ಸರಿ, ಪದದ ಅರ್ಥ ಹೇಳಿಕೊಟ್ಟಿರಿ ಅಂದುಕೊಳ್ಳಿ. ಆಗಲೂ ಗಾದೆ ಬಿಚ್ಚಿಕೊಳ್ಳುವುದಿಲ್ಲ. ಯಾಕೆಂದರೆ ಗ್ಯಾಸ್ ಒಲೆ ತಿರುಗಿಸಿದ ಕೂಡಲೇ ಹತ್ತುತ್ತದೆ. ಹಸಿ ಸೌದೆ ಮೊದಲು ಬರೀ ಹೊಗೆ ಕಾರುತ್ತದೆ, ಊದಿ ಊದಿ ಕಣ್ಣಲ್ಲಿ ನೀರು ಬರುತ್ತದೆ, ಅಂತೂ ಅನ್ನ ಬೆಂದು ಪಾತ್ರೆ ಇಳಿಸುವ ಹೊತ್ತಿಗೆ ಒಲೆ ಧಗಧಗ ಅನ್ನುತ್ತದೆ. ಇದನ್ನು ಕಂಡವರಿಗೆ ಆ ಗಾದೆಯಲ್ಲಿರುವ ಸಿಟ್ಟು, ಬೇಸರ ತಟ್ಟನೆ ತಿಳಿಯುತ್ತದೆ. ಕಾಣದವರಿಗೆ ಅದು ಬರೀ ಎರಡು ವಾಕ್ಯ.

ನನ್ನ ಅನುಭವದಲ್ಲಿ ಮುಖ್ಯ ಕಾರಣ ಇದೇ. ಹೋಲಿಕೆಗೆ ತಂದ ವಸ್ತು ಮಗುವಿಗೆ ಗೊತ್ತಿರುವುದಿಲ್ಲ. ಪಠ್ಯದ ಉದಾಹರಣೆಗಳಲ್ಲಿ ತಾವರೆ ಅರಳುತ್ತದೆ, ಮದಗಜಗಳು ಹೋರಾಡುತ್ತವೆ. ತಾವರೆ ಬೆಳಗಿನ ಬಿಸಿಲಿಗೆ ಅರಳುವುದನ್ನು ನೋಡದ ಮಗು ‘ಮುಖ ತಾವರೆಯಂತೆ ಅರಳಿತು’ ಅನ್ನುವುದನ್ನು ಒಪ್ಪಿಕೊಳ್ಳುತ್ತದೆ ಅಷ್ಟೇ, ಕಾಣುವುದಿಲ್ಲ. ಇನ್ನೊಂದು ಕಾರಣ, ನಾವು ಹೆಸರನ್ನೂ ಲಕ್ಷಣವನ್ನೂ ಮೊದಲು ಕಲಿಸುತ್ತೇವೆ, ಸಾಲನ್ನು ಆಮೇಲೆ ತೋರಿಸುತ್ತೇವೆ. ಮಗು ಸಾಲನ್ನು ಓದುವುದಿಲ್ಲ, ಅದರಲ್ಲಿ ಗುರುತಿನ ಪದ ಹುಡುಕುತ್ತದೆ.

ಈಗ ಅಮ್ಮನ ಎತ್ತರಕ್ಕೆ ಬರೋಣ. ‘ಅವಳು ಅಮ್ಮನಂತೆ ಎತ್ತರವಾಗಿದ್ದಾಳೆ.’ ಇದರಲ್ಲಿ ಉಪಮೇಯ (ಯಾರ ಬಗ್ಗೆ ಹೇಳುತ್ತಿದ್ದೇವೋ ಆ ಅವಳು) ಇದೆ, ಉಪಮಾನ (ಹೋಲಿಕೆಗೆ ತಂದ ಅಮ್ಮ) ಇದೆ, ಅಂತೆ ಅನ್ನುವ ವಾಚಕಪದ (ಹೋಲಿಕೆ ತೋರಿಸುವ ಪದ) ಇದೆ, ಎತ್ತರ ಅನ್ನುವ ಸಮಾನಧರ್ಮವೂ (ಇಬ್ಬರಲ್ಲೂ ಇರುವ ಗುಣ) ಇದೆ. ಲೆಕ್ಕದ ಪ್ರಕಾರ ನಾಲ್ಕೂ ಇವೆ. ಅದಕ್ಕೇ ಅವಳಿಗೆ ಸೊನ್ನೆ ಯಾಕೆ ಅಂತ ಗೊತ್ತಾಗಲಿಲ್ಲ. ಅವಳ ಗೊಂದಲ ನ್ಯಾಯವಾದದ್ದು. ಆದರೆ ಇಲ್ಲಿ ಹೇಳಿದ್ದು ಬರೀ ಅಳತೆ. ಟೇಪು ಹಿಡಿದು ನೋಡಬಹುದು. ಮಗಳನ್ನು ಅಮ್ಮನ ಪಕ್ಕ ನಿಲ್ಲಿಸಿದಾಗ ಹೊಸದೇನೂ ಕಾಣಿಸಲಿಲ್ಲ. ‘ಹಸುವಿನಂತೆ ಕಾಡುಹಸು’ ಎಂದರೆ ಅದು ಉಪಮಾಲಂಕಾರ ಅಲ್ಲ ಎಂದು ಅಲಂಕಾರಶಾಸ್ತ್ರ ಬರೆದ ಹಳೆಯ ಲಾಕ್ಷಣಿಕರೇ ಚರ್ಚೆ ಮಾಡಿದ್ದಾರೆ. ಹೋಲಿಕೆ ಇದ್ದರೆ ಸಾಲದು, ಆ ಹೋಲಿಕೆಯಲ್ಲಿ ಮನಸ್ಸಿಗೆ ಹಿತವಾಗುವ ಒಂದು ಚಮತ್ಕಾರ ಇರಬೇಕು ಅನ್ನುವುದು ಅವರ ಮಾತು. ಅದೇ ಹುಡುಗಿಯನ್ನು ‘ಅವಳು ಒಂದೇ ಮಳೆಗೆ ಬಾಳೆಗಿಡದಂತೆ ಎತ್ತರವಾದಳು’ ಅನ್ನಿ. ಹುಡುಗಿ, ಬಾಳೆಗಿಡ ಬೇರೆ ಬೇರೆ ಜಾತಿಯವು. ಎರಡನ್ನೂ ಜೊತೆಗಿಟ್ಟ ಕೂಡಲೇ ಎತ್ತರದ ಜೊತೆ ಬೇಗ ಬೆಳೆದದ್ದು, ಎಳೆತನ, ನುಣುಪು, ಗಾಳಿಗೆ ಬಾಗುವುದು ಎಲ್ಲ ಬಂದುಬಿಡುತ್ತವೆ. ಬಾಯಲ್ಲಿ ಹೇಳಿದ್ದು ಎತ್ತರ ಮಾತ್ರ. ಉಳಿದದ್ದನ್ನು ಬಾಳೆಗಿಡ ಹೊತ್ತು ತಂದಿತು.

ಅಲಂಕಾರ ಗುರುತಿಸಲು ನಾನು ಹೇಳಿಕೊಡುವುದು ಇಷ್ಟೇ. ಹೆಸರು ಪಕ್ಕಕ್ಕಿಡಿ. ಈ ಸಾಲು ನಿಜವಾಗಿ ಯಾವುದರ ಬಗ್ಗೆ ಮಾತಾಡುತ್ತಿದೆ ಅಂತ ಕೇಳಿ. ಆಮೇಲೆ, ಹೊರಗಿನಿಂದ ಏನನ್ನು ಕರೆತಂದಿದೆ ಅಂತ ಕೇಳಿ. ಕೊನೆಗೆ, ಹಾಗೆ ಬಂದದ್ದು ತನ್ನ ಜೊತೆ ಏನು ತಂದಿತು ಅಂತ ಕೇಳಿ. ಮೂರಕ್ಕೂ ಉತ್ತರ ಸಿಕ್ಕರೆ ಹೆಸರು ತಾನಾಗಿ ಬರುತ್ತದೆ. ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಅಲ್ಲಿ ಬರೀ ಹೋಲಿಕೆ ಇದೆ.

ಟ್ಯೂಷನ್ ಪಟ್ಟಿ ತಪ್ಪಾ ಅಂತ ಕೇಳಿದ್ದೀರಿ. ಪೂರ್ತಿ ತಪ್ಪಲ್ಲ. ಅದರ ಮೇಲೇ ನಿಂತರೆ ಮಾತ್ರ ಜಾರುತ್ತದೆ. ‘ನಾಳೆ ಮಳೆ ಬರುತ್ತಂತೆ’ ಅನ್ನುವುದರಲ್ಲಿ ಅಂತೆ ಇದೆ. ಅದು ಯಾರೋ ಹೇಳಿದ್ದನ್ನು ದಾಟಿಸುವ ಅಂತೆ. ‘ಬೇಗ ಬರುವಂತೆ ಹೇಳು’, ‘ಹೇಳಿದಂತೆ ಮಾಡಿದ’, ‘ಎಂದಿನಂತೆ ಬಸ್ ತಡ’, ಯಾವುದರಲ್ಲೂ ಉಪಮೆ ಇಲ್ಲ. ಇನ್ನು ‘ತಾವರೆಗಣ್ಣು’ ಅನ್ನುವ ಒಂದೇ ಪದದಲ್ಲಿ ಅಂತೆಯೂ ಇಲ್ಲ, ಹಾಗೆಯೂ ಇಲ್ಲ. ಆದರೂ ಅಲ್ಲಿ ತಾವರೆಯಂಥ ಕಣ್ಣು ಅನ್ನುವ ಉಪಮೆ ಅಡಗಿದೆ. ಲುಪ್ತೋಪಮೆ ಅನ್ನುವುದು ಇಂಥದ್ದಕ್ಕೆ, ನಾಲ್ಕರಲ್ಲಿ ಒಂದೋ ಎರಡೋ ಭಾಗ ಬಾಯಿಬಿಟ್ಟು ಹೇಳಿರುವುದಿಲ್ಲ. ಹಳಗನ್ನಡ, ನಡುಗನ್ನಡದ ಪದ್ಯಕ್ಕೆ ಹೋದರೆ ವೊಲ್, ವೋಲ್, ತೆರದಿ, ಎಣೆ ಅಂತ ಬೇರೆಯೇ ಪದಗಳು. ‘ಏ’ ಇದ್ದರೆ ರೂಪಕ (ಇದು ಅದರಂತೆ ಅನ್ನದೆ ಇದೇ ಅದು ಅನ್ನುವುದು) ಅನ್ನುವುದು ಇನ್ನೂ ಅಪಾಯ. ‘ಅವನೇ ಬಂದ’ ಅನ್ನುವುದರಲ್ಲಿ ಏ ಇದೆ, ರೂಪಕ ಎಲ್ಲಿದೆ? ‘ಮುಖಕಮಲ’ದಲ್ಲಿ ರೂಪಕ ಇದೆ, ಏ ಎಲ್ಲಿದೆ? ಪಟ್ಟಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಒಮ್ಮೆ ಕಣ್ಣಾಡಿಸಲು ಇಟ್ಟುಕೊಳ್ಳಲಿ. ಕಲಿಕೆಯನ್ನು ಅಲ್ಲಿಂದ ಶುರು ಮಾಡುವುದು ಬೇಡ.

ರೂಪಕದ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಅಲಂಕಾರ ಅಂದರೆ ಮೇಲಿಂದ ತೊಡಿಸಿದ ಒಡವೆ, ತೆಗೆದರೂ ಅರ್ಥ ಹಾಗೇ ಉಳಿಯುತ್ತದೆ ಅನ್ನುವ ನಂಬಿಕೆ ತುಂಬ ಜನಕ್ಕಿದೆ. ಮಕ್ಕಳಿಗೆ ಬೇಸರ ಬರುವುದೂ ಅದಕ್ಕೇ. ನೇರವಾಗಿ ಹೇಳಬಹುದಾದದ್ದನ್ನು ಕವಿ ಸುಮ್ನೆ ಯಾಕೆ ಸುತ್ತಿ ಬಳಸಿ ಹೇಳುತ್ತಾನೆ ಅಂತ ಅವರು ಕೇಳುತ್ತಾರೆ. ಬಸವಣ್ಣನವರ ಈ ವಚನ ನಿಮ್ಮ ಮಗಳಿಗೂ ಗೊತ್ತಿರುತ್ತದೆ. ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ. ಎನ್ನ ಕಾಲೇ ಕಂಭ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.’ ಇದನ್ನು ಉಪಮೆ ಮಾಡಿ ನೋಡಿ. ಎನ್ನ ಕಾಲು ಕಂಭದಂತೆ, ದೇಹ ದೇಗುಲದಂತೆ, ಶಿರ ಕಳಸದಂತೆ. ವ್ಯಾಕರಣ ಸರಿಯಾಗಿದೆ. ಆದರೆ ವಚನ ಸತ್ತುಹೋಯಿತು. ‘ಅಂತೆ’ ಬಂದ ಕೂಡಲೇ ನಿಜವಾದ ದೇಗುಲ ಉಳ್ಳವರ ಊರಿನಲ್ಲೇ ಉಳಿಯಿತು, ಬಡವನ ದೇಹ ಅದರ ನಕಲಾಯಿತು. ‘ಕಾಲೇ ಕಂಭ’ ಅಂದಾಗ ಆ ಅಂತರ ಇಲ್ಲ. ಬೇರೆ ದೇಗುಲದ ಅಗತ್ಯವೇ ಇಲ್ಲ. ಹಾಗೆ ಆದಮೇಲೇ ಕೊನೆಯ ಸಾಲು ನಿಲ್ಲುತ್ತದೆ: ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.’ ಕಲ್ಲಿನ ಗುಡಿ ಬೀಳಬಹುದು, ನಡೆದಾಡುವ ಗುಡಿ ಬೀಳುವುದಿಲ್ಲ. ಇಲ್ಲಿ ರೂಪಕ ಒಡವೆ ಅಲ್ಲ, ವಾದವೇ ಅದು. ಬಡವನ ಪರ ಬಸವಣ್ಣ ಮಾಡಿದ ವಾದ.

ಬಸವಣ್ಣನವರೇ ಇನ್ನೊಂದು ಕಡೆ ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂದು ಉಪಮೆ ಬಳಸುತ್ತಾರೆ. ಅಲ್ಲಿ ಅದೇ ಸರಿ. ಮಾತು ಹೇಗಿರಬೇಕು ಅಂತ ಮಾದರಿ ತೋರಿಸುತ್ತಿದ್ದಾರೆ. ಮಾತು ಇನ್ನೂ ಮುತ್ತಿನ ಹಾರ ಆಗಿಲ್ಲ, ಹಾಗಿರಬೇಕು. ಎರಡೂ ವಚನವನ್ನು ಅಕ್ಕಪಕ್ಕ ಓದಿಸಿ, ಇಲ್ಲಿ ಅಂತೆ ಯಾಕೆ, ಅಲ್ಲಿ ಏ ಯಾಕೆ ಅಂತ ಅವಳನ್ನೇ ಕೇಳಿ. ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದೂ ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೂ ಕರೆಯುತ್ತಾರೆ ಅಂತ ಅವಳು ಬಾಯಿಪಾಠ ಮಾಡಿರುತ್ತಾಳೆ. ಎರಡಕ್ಕೂ ಇರುವ ವ್ಯತ್ಯಾಸ ಈ ವಚನಗಳಲ್ಲಿ ಕಂಡರೆ ಆ ಬಿರುದುಗಳಿಗೂ ಜೀವ ಬರುತ್ತದೆ.

ಇನ್ನು ಬೆಟ್ಟದಷ್ಟು ಅನ್ನ. ಈ ತಪ್ಪನ್ನು ಪ್ರತಿ ತರಗತಿಯಲ್ಲೂ ಯಾರಾದರೂ ಮಾಡುತ್ತಾರೆ. ಕಾರಣವೂ ಸರಳ. ಪತ್ರಿಕೆ, ಟಿವಿಯಲ್ಲಿ ಉತ್ಪ್ರೇಕ್ಷೆ ಅಂದರೆ ಇದ್ದದ್ದನ್ನು ಹಿಗ್ಗಿಸಿ ಹೇಳುವುದು. ಅಲಂಕಾರಶಾಸ್ತ್ರದಲ್ಲಿ ಹಾಗೆ ಹಿಗ್ಗಿಸುವುದಕ್ಕೆ ಅತಿಶಯೋಕ್ತಿ ಅನ್ನುತ್ತಾರೆ. ‘ನಿಂಗೆ ಸಾವಿರ ಸಲ ಹೇಳಿದ್ದೀನಿ’ ಅಂತ ನೀವು ಮನೆಯಲ್ಲಿ ಅನ್ನುವುದು ಅದೇ. ಉತ್ಪ್ರೇಕ್ಷಾಲಂಕಾರದಲ್ಲಿ ಕವಿ ಒಂದನ್ನು ನೋಡುತ್ತಾ ಇನ್ನೊಂದನ್ನು ಊಹಿಸುತ್ತಾನೆ. ‘ಕೆರೆ ಏರಿಯ ಹುಣಸೆಮರ ನೀರಲ್ಲಿ ಮುಖ ನೋಡಿಕೊಳ್ಳಲೆಂದೇ ಬಾಗಿದೆಯೇನೋ ಎಂಬಂತಿತ್ತು.’ ಮರ ಬಾಗಿರುವುದು ನಿಜ. ಬಾಗಿದ್ದಕ್ಕೆ ಕೊಟ್ಟ ಕಾರಣ ಕಲ್ಪನೆ. ಊಹೆ ಅಂತ ಕವಿಗೂ ಗೊತ್ತು, ಓದುವವರಿಗೂ ಗೊತ್ತು. ಅದೇ ಮರ ‘ಮುದುಕನಂತೆ ಬಾಗಿತ್ತು’ ಅಂದರೆ ಉಪಮೆ. ಇಲ್ಲಿ ಊಹೆ ಇಲ್ಲ, ಹೋಲಿಕೆ ಮಾತ್ರ. ಪಠ್ಯದಲ್ಲಿ ಬರುವ ಅಚ್ಛೋದ ಸರೋವರದ ಉದಾಹರಣೆಯೂ ಹೀಗೆಯೇ. ಸರೋವರ ಇದೆ. ಅದು ತ್ರೈಲೋಕ್ಯಲಕ್ಷ್ಮಿ ತನ್ನ ಚೆಲುವು ನೋಡಿಕೊಳ್ಳಲು ಮಾಡಿಸಿದ ಕನ್ನಡಿಯೋ ಅನ್ನುವುದು ಊಹೆ.

ದೃಷ್ಟಾಂತ, ಅರ್ಥಾಂತರನ್ಯಾಸ ಎರಡೂ ಗೊಂದಲದವು, ಆದರೆ ಬಿಡಿಸುವುದು ಕಷ್ಟವಲ್ಲ. ದೃಷ್ಟಾಂತದಲ್ಲಿ ಎರಡು ಚಿತ್ರ ಅಕ್ಕಪಕ್ಕ ನಿಲ್ಲುತ್ತವೆ, ಒಂದರ ನೆರಳು ಇನ್ನೊಂದರಲ್ಲಿ ಬೀಳುತ್ತದೆ. ಒಲೆಗೆ ಬುದ್ಧಿ, ಅಡುಗೆ ಮುಗಿಯುವುದಕ್ಕೆ ಬಾಳು ಕೆಡುವುದು, ತಡವಾಗಿ ಉರಿಯುವುದಕ್ಕೆ ತಡವಾಗಿ ಬರುವುದು. ಒಂದೊಂದಕ್ಕೂ ಜೋಡಿ ಇದೆ. (ಅಟ್ಟ, ಕೆಟ್ಟ ಅಂತ ಎರಡನೇ ಅಕ್ಷರದ ಪ್ರಾಸವೂ ಕೂಡಿದೆ. ಗಾದೆ ನೆನಪಿನಲ್ಲಿ ಉಳಿಯಲು ಅದೂ ಕಾರಣ.) ಅರ್ಥಾಂತರನ್ಯಾಸದಲ್ಲಿ ಒಂದು ಬಿಡಿ ಸಂಗತಿ, ಒಂದು ಎಲ್ಲರಿಗೂ ಸಲ್ಲುವ ಮಾತು. ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ‘ಕರೆಂಟ್ ಹೋದಾಗ ಪಕ್ಕದ ಮನೆಯವರೇ ದೀಪ ತಂದುಕೊಟ್ಟರು, ಕಷ್ಟಕ್ಕೆ ಆಗುವವರೇ ನೆಂಟರಲ್ಲವೇ?’ ಇಲ್ಲಿ ದೀಪಕ್ಕೂ ನೆಂಟರಿಗೂ ಜೋಡಿ ಹುಡುಕಬಾರದು. ಮೊದಲನೆಯದು ಒಂದು ದಿನದ ಸಂಗತಿ, ಎರಡನೆಯದು ಎಲ್ಲ ದಿನಕ್ಕೂ ಸಲ್ಲುವ ಮಾತು. ‘ಎರಡು ವಾಕ್ಯ ಇದ್ದರೆ ದೃಷ್ಟಾಂತ’ ಅನ್ನುವ ಪಟ್ಟಿ ಇಲ್ಲಿ ಕೈ ಕೊಡುತ್ತದೆ.

ಅಕ್ಕಮಹಾದೇವಿಯ ವಚನದಲ್ಲಿ ದೃಷ್ಟಾಂತದ ಬಲ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ, ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆ ತೆರೆಗಳಿಗೆ ಅಂಜಿದರೆ ಹೇಗೆ, ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಅಂತ ಕೇಳುತ್ತಾ ಬರುತ್ತಾಳೆ. ಮೂರು ಮನೆ ಆದಮೇಲೆ, ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿ ನಿಂದೆ ಬಂದರೆ ಸಮಾಧಾನಿಯಾಗಿರಬೇಕು ಅನ್ನುತ್ತಾಳೆ. ಲೋಕವೂ ನಾವು ಮಾಡಿಕೊಂಡ ಮನೆಯೇ ಅಂತ ಅವಳು ಎಲ್ಲೂ ಹೇಳುವುದಿಲ್ಲ. ಮೂರು ಮನೆಗಳನ್ನು ದಾಟಿ ಬಂದ ನಮಗೆ ಅದು ತಾನೇ ಹೊಳೆಯುತ್ತದೆ. ಹಾಗೆ ಹೊಳೆಯುವ ಗಳಿಗೆ ಮಗುವಿಗೆ ಒಮ್ಮೆ ಸಿಗಬೇಕು. ಲಕ್ಷಣ ಆಮೇಲೆ ಬರೆದುಕೊಂಡರಾಯಿತು.

‘ಬೇರೆ ಏನೋ ಅರ್ಥ ಇರುತ್ತೆ, ನನಗೆ ಕಾಣಲ್ಲ’ ಅನ್ನುವ ಅವಳ ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಪದ್ಯ ಅಂದರೆ ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈ ಮೇಷ್ಟ್ರ ಹತ್ತಿರ ಇದೆ ಅಂತ ನಾವೇ ಮಕ್ಕಳಿಗೆ ಅನಿಸುವಂತೆ ಮಾಡಿದ್ದೇವೆ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ತೆಗೆದುಕೊಳ್ಳಿ. 1932ರ ‘ಗರಿ’ ಸಂಕಲನದ ಪದ್ಯ. ಹಕ್ಕಿ ಅಂದರೆ ಕಾಲ ಅಂತ ಗೈಡ್ ಮೊದಲ ಸಾಲಿನಲ್ಲೇ ಹೇಳಿಬಿಡುತ್ತದೆ. ಹೇಳಬೇಡಿ. ‘ಇರುಳಿರುಳಳಿದು ದಿನದಿನ ಬೆಳಗೆ’ ಅನ್ನುವ ಶುರುವನ್ನು ಗಟ್ಟಿಯಾಗಿ ಓದಿಸಿ. ಹಕ್ಕಿಯ ಪುಚ್ಚ ಕಪ್ಪು, ಗರಿ ಬಿಳಿ, ಎರಡು ಪಕ್ಕದಲ್ಲಿ ಕೆಂಪು ಹೊನ್ನಿನ ರೆಕ್ಕೆ. ಇಂಥ ಹಕ್ಕಿ ಎಲ್ಲಾದರೂ ಇದೆಯಾ ಅಂತ ಕೇಳಿ. ಕಪ್ಪು ಯಾವ ಹೊತ್ತು? ಬಿಳಿ ಯಾವ ಹೊತ್ತು? ಹೊನ್ನಿನ ಬಣ್ಣ ದಿನಕ್ಕೆ ಎರಡು ಸಲ ಯಾವಾಗ ಕಾಣುತ್ತದೆ? ಅವಳೇ ಹೇಳುತ್ತಾಳೆ ನೋಡಿ. ಅರ್ಥ ಪದ್ಯದ ಹಿಂದೆ ಎಲ್ಲೋ ಬಚ್ಚಿಟ್ಟುಕೊಂಡಿಲ್ಲ. ಹಕ್ಕಿಯ ಮೈಬಣ್ಣದಲ್ಲೇ ಇದೆ.

ಇದಕ್ಕೊಂದು ಎಚ್ಚರಿಕೆ. ಒಮ್ಮೆ ರುಚಿ ಹತ್ತಿದ ಮಕ್ಕಳು ಎಲ್ಲದರಲ್ಲೂ ಗುಪ್ತ ಅರ್ಥ ಹುಡುಕಲು ಶುರು ಮಾಡುತ್ತಾರೆ. ಮಳೆ ಬಂದರೆ ದುಃಖ, ದೀಪ ಅಂದರೆ ಜ್ಞಾನ, ನದಿ ಅಂದರೆ ಬದುಕು. ಇದೂ ಒಂದು ಬಾಯಿಪಾಠವೇ. ‘ಪದ್ಯದ ಇನ್ನೊಂದು ಸಾಲು ನಿನ್ನ ಮಾತಿಗೆ ಸಾಕ್ಷಿ ಹೇಳುತ್ತಾ?’ ಅಂತ ಕೇಳಿ. ಬೇಂದ್ರೆಯ ಹಕ್ಕಿಗೆ ಬಣ್ಣಗಳು ಸಾಕ್ಷಿ. ಸಾಕ್ಷಿ ಇಲ್ಲದಿದ್ದರೆ ಮಳೆ ಬರೀ ಮಳೆಯೇ ಆಗಿರಲಿ.

ಅಲಂಕಾರದ ಪಟ್ಟಿಗೆ ಸೇರದ ಅರ್ಥವೂ ಮಾತಿನಲ್ಲಿ ಇರುತ್ತದೆ. ‘ಸೂರ್ಯ ಮುಳುಗಿದ’ ಅನ್ನುವ ಒಂದು ವಾಕ್ಯವನ್ನು ಸಂಸ್ಕೃತ ಲಾಕ್ಷಣಿಕರು ಉದಾಹರಣೆ ಕೊಡುತ್ತಾರೆ. ದನ ಕಾಯುವವನಿಗೆ ಅದು ‘ಮನೆಗೆ ಹೊರಡು’ ಅಂತ ಕೇಳಿಸುತ್ತದೆ, ಕಳ್ಳನಿಗೆ ‘ಹೊತ್ತು ಬಂತು’ ಅಂತ ಕೇಳಿಸುತ್ತದೆ. ಇದಕ್ಕೆ ವ್ಯಂಜನೆ ಅನ್ನುತ್ತಾರೆ. ಸಂಜೆ ಏಳಕ್ಕೆ ಮಗಳು ಇನ್ನೂ ಮೊಬೈಲ್ ಹಿಡಿದು ಕೂತಿದ್ದರೆ ನೀವು ‘ಗಂಟೆ ಏಳಾಯ್ತು’ ಅನ್ನುತ್ತೀರಿ. ಸಮಯ ತಿಳಿಸಲು ಅಲ್ಲ, ಅಲ್ವಾ? ಅವಳಿಗೂ ಅದು ಗೊತ್ತು. ಇದನ್ನು ಅವಳಿಗೆ ತೋರಿಸಿಕೊಟ್ಟರೆ ‘ನನಗೆ ಕಾಣಲ್ಲ’ ಅನ್ನುವುದು ಅರ್ಧ ಕರಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದರಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಬರೆಯಿಸುವುದರ ಮೇಲೆ. ಒಂದೇ ಜೋಡಿ ತೆಗೆದುಕೊಂಡು ಬೇರೆ ಬೇರೆ ರೀತಿ ಹೇಳಿಸಿ. ಅವಳಿಗೆ ಗೊತ್ತಿರುವ ವಸ್ತುವೇ ಆಗಿರಲಿ, ತಾವರೆ ಬೇಡ. ಅಜ್ಜಿ ಮತ್ತು ಸಂದೂಕ ಅಂದುಕೊಳ್ಳಿ. ‘ಅಜ್ಜಿಯ ಮನಸ್ಸು ಸಂದೂಕದಂತೆ ತುಂಬಿತ್ತು.’ ಇದು ಉಪಮೆ. ‘ಅಜ್ಜಿಯ ಮನಸ್ಸೇ ಒಂದು ಸಂದೂಕ.’ ರೂಪಕ. ‘ಅಜ್ಜಿ ಮಾತಿಗೆ ಕೂತರೆ ಯಾರೋ ಸಂದೂಕದ ಮುಚ್ಚಳ ತೆಗೆದರೇನೋ ಎನಿಸುತ್ತಿತ್ತು.’ ಉತ್ಪ್ರೇಕ್ಷೆ. ‘ಸಂದೂಕ ತೆರೆದಷ್ಟೂ ಸೀರೆ, ಅಜ್ಜಿ ಬಾಯಿ ತೆರೆದಷ್ಟೂ ಕಥೆ.’ ದೃಷ್ಟಾಂತ. ವಾರಕ್ಕೆ ಒಂದು ಜೋಡಿ ಸಾಕು. ಸ್ವತಃ ಕಟ್ಟಿದವರಿಗೆ ಬೇರೆಯವರು ಕಟ್ಟಿದ್ದು ಕಾಣುತ್ತದೆ. ತೊಂದರೆ ಏನೆಂದರೆ ಇದು ನಿಧಾನ. ಪರೀಕ್ಷೆಗೆ ಹದಿನೈದು ದಿನ ಉಳಿದಿದ್ದರೆ ಇದನ್ನು ಶುರು ಮಾಡಿ ಅವಳ ಒತ್ತಡ ಹೆಚ್ಚಿಸಬೇಡಿ.

ಗಾದೆಗಳೂ ಒಳ್ಳೆಯ ದಾರಿ. ಆದರೆ ಗಾದೆ ಪುಸ್ತಕ ತಂದು ದಿನಕ್ಕೆ ಹತ್ತು ಅಂತ ಕೂರಿಸಬೇಡಿ. ಮಾತಿನ ನಡುವೆ ಬಂದಾಗ ಒಂದು ನಿಮಿಷ ನಿಲ್ಲಿಸಿ ಚಿತ್ರ ಬಿಡಿಸಿ. ಅಜ್ಜಿ ಇದ್ದರೆ ಅವರಿಂದ ಕೇಳಿ. ಸೌದೆ ಒಲೆ ಹೇಗೆ ಉರಿಯುತ್ತದೆ ಅಂತ ಗೈಡ್ ಹೇಳುವುದಿಲ್ಲ, ಅಜ್ಜಿ ಹೇಳುತ್ತಾರೆ. ವಚನ, ಪದ್ಯಗಳನ್ನು ಗಟ್ಟಿಯಾಗಿ ಓದಿಸುವುದರಿಂದ ಅನುಪ್ರಾಸ (ಅದೇ ಅಕ್ಷರ ಮತ್ತೆ ಮತ್ತೆ ಬರುವುದು), ಯಮಕ (ಅದೇ ಪದ ಬೇರೆ ಅರ್ಥದಲ್ಲಿ ಮತ್ತೆ ಬರುವುದು) ಇಂಥ ಶಬ್ದಾಲಂಕಾರಗಳು ಕಿವಿಗೇ ಸಿಗುತ್ತವೆ. ‘ಅವಲಕ್ಕಿ ಪವಲಕ್ಕಿ’ ಆಡಿದ ಮಗುವಿಗೆ ಅನುಪ್ರಾಸವನ್ನು ಲಕ್ಷಣದಿಂದ ಕಲಿಸುವ ಅಗತ್ಯ ಇಲ್ಲ.

ಗೈಡ್, ಟ್ಯೂಷನ್ ಬಿಡಿಸಿ ಅಂತ ನಾನು ಹೇಳುವುದಿಲ್ಲ. ಉತ್ತರ ಬರೆಯುವ ಕ್ರಮ ಅಲ್ಲಿ ಸಿಗುತ್ತದೆ, ಅದು ಬೇಕು. ಅಪಾಯ ಇರುವುದು ಅದೇ ಉದಾಹರಣೆಗಳು ಬಾಯಿಪಾಠ ಆಗುವುದರಲ್ಲಿ. ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದ್ದು ಕಂಠಸ್ಥ ಇರುತ್ತದೆ, ಹೊಸ ಸಾಲು ಬಂದರೆ ಕೈ ನಿಂತುಬಿಡುತ್ತದೆ.

ಪರೀಕ್ಷೆಯಲ್ಲಿ ಸಮನ್ವಯ, ಅಂದರೆ ಲಕ್ಷಣ ಆ ಸಾಲಿಗೆ ಹೇಗೆ ಹೊಂದುತ್ತದೆ ಅನ್ನುವುದನ್ನು ಬರೆಯುವಾಗ ಮಕ್ಕಳು ‘ಇಲ್ಲಿ ಉಪಮೇಯವು ಉಪಮಾನಕ್ಕೆ ಹೋಲಿಸಲ್ಪಟ್ಟಿದೆ’ ಎಂದು ಬರೆದು ಮುಗಿಸುತ್ತಾರೆ. ಅದು ಲಕ್ಷಣವನ್ನೇ ಮತ್ತೆ ಬರೆದಂತೆ. ಆ ಸಾಲಿನಲ್ಲಿರುವ ವಸ್ತುಗಳ ಹೆಸರನ್ನೇ ಬರೆಯಬೇಕು. ‘ಇಲ್ಲಿ ಹುಡುಗಿ ಉಪಮೇಯ, ಬಾಳೆಗಿಡ ಉಪಮಾನ, ಅಂತೆ ಎಂಬುದು ವಾಚಕಪದ, ಎತ್ತರವಾಗುವುದು ಸಮಾನಧರ್ಮ. ಹುಡುಗಿಯನ್ನು ಬಾಳೆಗಿಡಕ್ಕೆ ಹೋಲಿಸಿ ಹೇಳಿರುವುದರಿಂದ ಇದು ಉಪಮಾಲಂಕಾರ.’ ಲಕ್ಷಣ, ಸಮನ್ವಯ ಎರಡಕ್ಕೂ ಅಂಕ ಇರುತ್ತದೆ, ಹಾಗಾಗಿ ಹೆಸರಿನಲ್ಲಿ ಅನುಮಾನವಿದ್ದರೂ ಉಪಮೇಯ ಉಪಮಾನ ಗುರುತಿಸಿ ಬರೆಯಲಿ, ಖಾಲಿ ಬಿಡಬಾರದು. ಆ ಸೊನ್ನೆ ಬಿದ್ದ ಎರಡು ಉತ್ತರಗಳನ್ನು ಅವಳೇ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗಿ ಯಾಕೆ ತಪ್ಪು ಅಂತ ಕೇಳಲಿ. ಅಂಕ ವಾಪಸ್ ಬರಲಿಕ್ಕಿಲ್ಲ. ಆದರೆ ಅಮ್ಮನ ಎತ್ತರದ ಪ್ರಶ್ನೆ ಇಡೀ ತರಗತಿಗೆ ಉಪಯೋಗಕ್ಕೆ ಬರುವಂಥದ್ದು.

ಇಂಗ್ಲಿಷಿನ ವಿಷಯ. ಸಿಮಿಲಿ ಮತ್ತು ಉಪಮೆ, ಮೆಟಫರ್ ಮತ್ತು ರೂಪಕ, ಹೈಪರ್ಬೊಲಿ ಮತ್ತು ಅತಿಶಯೋಕ್ತಿ, ಆಲಿಟರೇಶನ್ ಮತ್ತು ಅನುಪ್ರಾಸ ಹೆಚ್ಚು ಕಡಿಮೆ ಹೊಂದುತ್ತವೆ. ಮೆಟಫರ್ ಮಾತ್ರ ರೂಪಕಕ್ಕಿಂತ ಅಗಲ. ಬೇಂದ್ರೆಯ ಹಕ್ಕಿಯಲ್ಲಿ ಕಾಲದ ಹೆಸರೇ ಹೇಳದೆ ಹಕ್ಕಿಯನ್ನಷ್ಟೇ ತೋರಿಸಿದಂಥ ಪ್ರಯೋಗವನ್ನೂ ಇಂಗ್ಲಿಷಿನವರು ಮೆಟಫರ್ ಅನ್ನುತ್ತಾರೆ. ನಮ್ಮ ಶಾಲಾ ಲಕ್ಷಣದ ರೂಪಕಕ್ಕೆ ಉಪಮೇಯ, ಉಪಮಾನ ಎರಡೂ ಕಾಣಬೇಕು. ಉತ್ಪ್ರೇಕ್ಷೆಗೆ ಇಂಗ್ಲಿಷ್ ಶಾಲಾಪಟ್ಟಿಯಲ್ಲಿ ಸರಿಯಾದ ಜೋಡಿ ಇಲ್ಲ. ಪರ್ಸಾನಿಫಿಕೇಶನ್ನಿಗೆ ನಮ್ಮ ಹತ್ತನೇ ತರಗತಿಯ ಪಟ್ಟಿಯಲ್ಲಿ ಬೇರೆ ಹೆಸರಿಲ್ಲ. ‘ಗಾಳಿ ಕಿಟಕಿ ತಟ್ಟಿ ಕರೆಯಿತು’ ಅನ್ನುವಂಥ ಸಾಲು ಪದ್ಯದಲ್ಲಿ ಬಂದು ಅದರ ಸೊಗಸು ಬರೆಯಿರಿ ಅಂತ ಕೇಳಿದರೆ, ಹೆಸರು ಹುಡುಕಿ ಹೊತ್ತು ಕಳೆಯದೆ, ಗಾಳಿಗೆ ಮನುಷ್ಯರ ನಡವಳಿಕೆ ಕೊಟ್ಟಿದ್ದಾರೆ, ಅದರಿಂದ ಗಾಳಿ ಮನೆಗೆ ಬಂದ ನೆಂಟನಾಯಿತು ಅಂತ ಬಿಡಿಸಿ ಬರೆಯಲಿ.